ಸಂಪಾದಕರಿಗೆ, ನಾರ್ಲೇನ್‌ನಿಂದ

ಸಂಪಾದಕರೇ,
ಈ ತಿಂಗಳ ಸಂಚಿಕೆ ಶುಕ್ರವಾರ ಸಿಕ್ಕಿತು.
ಮರ್ಲೀನಳ ಅಂಗಡಿಗೆ ಈಗ ಎರಡೇ ಪ್ರತಿ ಬರುತ್ತವೆ,
ಒಂದು ನನಗೆ, ಇನ್ನೊಂದು ಯಾರಿಗೋ
ಅವಳಿಗೂ ಗೊತ್ತಿಲ್ಲ.
ಬೆಲೆ ಏರಿದೆ, ಹಾಳೆ ಇಳಿದಿದೆ. ಅದಿರಲಿ.

ಹೊಸ ಕಾರಿಗೆ ಆರು ಪುಟ.
ಸೀಟಿನ ಚರ್ಮಕ್ಕೆ ಒಂದೂವರೆ,
ಪರದೆಯ ಮೇಲೆ ಬೆರಳಾಡಿಸುವುದಕ್ಕೆ ಎರಡು,
ಬಾಟಲಿ ಇಡುವ ಗೂಡುಗಳನ್ನೂ ಎಣಿಸಿದ್ದೀರಿ.
ಬಾಯಾರಿದರೆ ನಾನು ನಿಲ್ಲಿಸಿ ಕುಡಿಯುತ್ತೇನೆ, ಸ್ವಾಮಿ.
ಸೊನ್ನೆಯಿಂದ ನೂರಕ್ಕೆ ನಾಲ್ಕು ಸೆಕೆಂಡು ಅಂದಿರಿ, ಸರಿ,
ಆ ನಾಲ್ಕರೊಳಗೆ ಏನೇನಾಯಿತು?
ಎರಡನೆಯದರಲ್ಲಿ ಹೊಟ್ಟೆ ಎಲ್ಲಿತ್ತು?

ಡೀನ್ಸ್ ಮಾರ್ಷ್ ದಾಟಿ ಲಾರ್ನ್‌ಗೆ ಇಳಿಯುವ ದಾರಿಯಲ್ಲಿ
ನೀಲಗಿರಿಯ ತೊಗಟೆ ಸುಲಿದು ಬಿದ್ದಿರುತ್ತದಲ್ಲ,
ಒದ್ದೆಯಾದರೆ ಅದು ಸಾಬೂನು.
ಅದರ ಮೇಲೆ ಹಿಂದಿನ ಚಕ್ರ ಜಾರಿದ ಗಳಿಗೆ
ನಿಮ್ಮವನ ಕೈ ಏನು ಮಾಡಿತು?
ಹೆದರಿದ್ದರೆ ಹೆದರಿದೆ ಅಂತ ಬರೆಯಲಿ.
ಜಾಹೀರಾತು ಕೊಟ್ಟವರ ಮೋರೆ ನೋಡಿ
ಕೆಟ್ಟ ಬ್ರೇಕನ್ನು 'ಸೌಮ್ಯ' ಅನ್ನಬೇಡಿ.
ಉಂಡ ಮನೆಯ ಜಂತೆ ಎಣಿಸಬಾರದು, ನಿಜ,
ಜಂತೆ ಮುರಿದು ತಲೆಯ ಮೇಲೆ ಬೀಳುವಂತಿದ್ದರೆ?

ತೊಳೆಯದ ಕಾರಿನ ಚಿತ್ರ ಹಾಕಿ,
ಗಾಜಿಗೆ ಅಪ್ಪಳಿಸಿದ ಹುಳುಗಳ ಸಮೇತ.
ಮೂರು ವರ್ಷದಿಂದ ಇಟ್ಟಿಗೆಗಳ ಮೇಲೆ ಕೂತ,
ಹೆಂಡತಿ 'ಅದು' ಎಂದಷ್ಟೇ ಕರೆಯುವ ಕಾರಿಗೂ
ಅರ್ಧ ಪುಟ ಕೊಡಿ.
ಪಾನಾ ಜಾರಿ ಗೆಣ್ಣಿನ ತೊಗಲು ಕಿತ್ತುಕೊಂಡವರು ನಾವು,
ಟೈರು ಕೊಳ್ಳಲು ತಿಂಗಳು ಎಣಿಸುವವರು.
ಆ ಎರಡು ಲಕ್ಷ ಡಾಲರಿನದನ್ನು ಕೊಳ್ಳುವವರು
ನಿಮ್ಮನ್ನು ಓದುವುದಿಲ್ಲ.

ಇಷ್ಟೆಲ್ಲ ಬರೆದು ಅಸಲು ಮಾತು ಇನ್ನೂ ಗಂಟಲಲ್ಲೇ ಇದೆ.

ಇಲ್ಲಿನ ಇಂಜಿನ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಪರೀಕ್ಷೆಯ ಕೋಣೆ ನನ್ನದು.
ಆರು ಸಿಲಿಂಡರಿನ ಹಸಿ ಇಂಜಿನ್ನು
ಮೊದಲ ಸಲ ಬಾಯಿ ಬಿಡುವಾಗ ಕೇಳುವ ಕೆಲಸ.
ಕಿವಿಗೆ ಮುಚ್ಚಳ ಕೊಟ್ಟಿದ್ದರು, ಹಾಕುತ್ತಿರಲಿಲ್ಲ.
ಮುಚ್ಚಿಕೊಂಡು ಕೇಳುವುದು ಹೇಗೆ?
ವಾಲ್ವಿನ ಟಿಕಿಟಿಕಿ ಕೂದಲೆಳೆಯಷ್ಟು ಹೆಚ್ಚಿದರೂ
ಕೆಂಪು ಚೀಟಿ ಅಂಟಿಸಿ ವಾಪಸು.
ಫೋರ್‌ಮನ್ ಕೀತ್ ಅನ್ನುತ್ತಿದ್ದ,
'ಝ್ಲಾಟ್ಕೊ, ನಿನ್ನದು ನಾಯಿಕಿವಿ.'

ನಾಯಿಕಿವಿ ಹೋಯಿತು.
ಮೊದಲು ಬೆಳಗಿನ ಮ್ಯಾಗ್‌ಪೈ ಹಕ್ಕಿ,
ಆಮೇಲೆ ಫೋನಿನಲ್ಲಿ ಮೊಮ್ಮಗಳು,
ಆಮೇಲೆ ಕೆಟಲು.
ಕಳೆದ ಚಳಿಗಾಲ ನನ್ನದೇ ಕಾರು
ಚಾಲೂ ಆಯಿತೋ ಇಲ್ಲವೋ ತಿಳಿಯದೆ
ಮತ್ತೆ ಕೀಲಿ ತಿರುಗಿಸಿಬಿಟ್ಟೆ.
ಆ ಕಿರ್ರ್ ಕೈಗೆ ಬಂತು, ಕಿವಿಗೆ ಬರಲಿಲ್ಲ.
ಈಗ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತೇನೆ
ಜ್ವರ ನೋಡುವವರ ಹಾಗೆ.

ಆದ್ದರಿಂದ ಸದ್ದು ಬರೆಯಿರಿ.
'ಅದ್ಭುತ ಧ್ವನಿ' ಅಂದು ಕೈ ತೊಳೆದುಕೊಳ್ಳಬೇಡಿ.
ಎರಡು ಸಾವಿರದಲ್ಲಿ ಅದು ಗೊಣಗುತ್ತದೋ,
ಗಂಟಲು ಸರಿಮಾಡಿಕೊಳ್ಳುತ್ತದೋ?
ಗುಡುಗುಡು ಹೋಗಿ ಗುಂಯ್ ಆಗುವುದು
ಯಾವ ತಿರುವಿನಲ್ಲಿ?
ಆರು ಸಾವಿರಕ್ಕೆ ಬಟ್ಟೆ ಹರಿದಂತೆ ಅಂತೀರಿ,
ಯಾವ ಬಟ್ಟೆ? ರೇಷ್ಮೆಯೋ ಗೋಣಿಯೋ?
ಕಾಲು ತೆಗೆದಾಗ ಹೊಗೆಕೊಳವೆ
ಕಾದ ಬಾಣಲೆಗೆ ನೀರು ಬಿದ್ದಂತೆ ಚಿಟಪಟಿಸಿತೋ?
ನಿಲ್ಲಿಸಿದ ಮೇಲೆ
ತಣಿಯುವ ಕಬ್ಬಿಣದ ಟಿಣ್… ಟಿಣ್…
ಎಷ್ಟು ಹೊತ್ತಿತ್ತು? ಎಣಿಸಿದವರುಂಟೇ?
ನಾನು ಓದುತ್ತೇನೆ, ತುಟಿಯಾಡಿಸುತ್ತ, ನಿಧಾನವಾಗಿ,
ಎರಡನೆಯ ಗೇರಿನಲ್ಲಿ.

ಮುಂದಿನ ತಿಂಗಳು ಬ್ಯಾಟರಿಯ ಕಾರಂತೆ.
ಸದ್ದೇ ಇಲ್ಲವೆಂದು ಈಗಲೇ ಜನ ಬೈಯುತ್ತಿದ್ದಾರೆ.
ಅದನ್ನೂ ಬರೆಯಿರಿ, ಪೂರ್ತಿ ಆರು ಪುಟ.
ಆ ಒಂದರಲ್ಲಿ
ನಿಮ್ಮವನೂ ನಾನೂ ಸಮ.

ಇಂತಿ,
ಝ್ಲಾಟ್ಕೊ ಮಾರುಷಿಚ್.

ಮರೆತಿದ್ದೆ: ಐವತ್ತೊಂದನೆಯ ಪುಟದಲ್ಲಿ
ಗೇರುಪೆಟ್ಟಿಗೆಯ ಚಿತ್ರ ತಲೆಕೆಳಗಾಗಿದೆ.