ಸೊನ್ನೆ ಅಲ್ಲ

ಮೊದಲ ದಿನ ಪರದೆಯ ಮೇಲೆ ಏನೂ ಇರಲಿಲ್ಲ,
ಒಂದು ಕೊಕ್ಕು ಮಾತ್ರ, ತೆರೆದುಕೊಂಡು,
ಏನಾದರೂ ಹಾಕು ಎನ್ನುವ ಮರಿಯ ಹಾಗೆ.
ಎರಡಕ್ಕೆ ಎರಡು ಕೂಡಿಸಿ ಹಾಕಿದೆ. ನಾಲ್ಕು ಎಂದಿತು.
ಅಷ್ಟು ನನಗೂ ಗೊತ್ತು ಎಂದೆ.
ಕಹು ನಕ್ಕಳು. ತಮ್ಮನ ಮಗಳು, ಹದಿನೇಳು ವರ್ಷ,
ಕಾಲು ಸೋಫಾದ ಮೇಲೆ, ಬಾಯಲ್ಲಿ ಟೋಸ್ಟು: ನನ್ನ ಗುರು.

ಈ ಭಾಷೆ ಹುಟ್ಟಿದ್ದು ನಮ್ಮ ಆಕ್ಲೆಂಡಿನಲ್ಲೇ ಅಂತೆ,
ಇಲ್ಲಿಂದ ಬಸ್ಸಿಗೆ ನಾಲ್ಕು ತಾಸು.
ಹೆಸರು ಆರ್. ಒಂದೇ ಅಕ್ಷರ, ಕರೆದರೆ ಬಾಯಿ ನೋಯದು.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು;
ಹಿಂದಿನ ಸೀಟಿನಲ್ಲಿ ಯಾರು ಯಾರನ್ನು ಚಿವುಟಿದರೆಂದು
ಕನ್ನಡಿ ನೋಡಿಯೇ ಹೇಳುತ್ತಿದ್ದೆ.
ಇಲ್ಲಿ ನನ್ನದೇ ತಪ್ಪು ನನಗೆ ಕಾಣದು.
ಎಲ್ಲೋ ಒಂದು ಕಂಸ ಮುಚ್ಚಿಲ್ಲ; ಅದು ಬೈಯುವುದಿಲ್ಲ,
ಕೂಡುವ ಚಿಹ್ನೆಯೊಂದನ್ನು ತೋರಿಸಿ ಕಾಯುತ್ತದೆ,
ಮಾತು ಇನ್ನೂ ಇದೆ ತಾನೇ, ಮುಗಿಸಿ, ಎಂಬಂತೆ.
ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ.
ಇರಲಿ. ನಮ್ಮ ಮಾವೋರಿಯಲ್ಲೂ
ದೀರ್ಘ ಎಳೆಯಲು ಮರೆತರೆ ಕಂಕುಳು ಕೇಕಾಗುತ್ತದೆ.

ಹುಹಾನಾ ಅತ್ತೆಯ ನೋಟುಪುಸ್ತಕಗಳು ಇಪ್ಪತ್ತಾರು.
ಪ್ರತಿ ಅಮಾವಾಸ್ಯೆಯ ಇಳಿತಕ್ಕೆ ಗಂಬೂಟು ಮೆಟ್ಟಿ,
ಫಾಂಗತೀರಿ ಕೊಲ್ಲಿಯ ಮರಳಲ್ಲಿ ಮರದ ಚೌಕಟ್ಟು ಇಟ್ಟು,
ಒಳಗೆ ಸಿಕ್ಕ ಪಿಪಿ ಚಿಪ್ಪುಗಳನ್ನು ಎಣಿಸಿ ಬರೆದಳು.
ಪೆನ್ಸಿಲ್ಲಿನಲ್ಲಿ. ಉಪ್ಪು ನೀರಿಗೆ ಶಾಯಿ ನಿಲ್ಲುವುದಿಲ್ಲ.
ನೂರಾ ನಲವತ್ತು. ನೂರಾ ಮೂವತ್ತೊಂದು. ನೂರಾ ಹದಿನೆಂಟು.
ಚಳಿಗಾಲ ಪೂರ್ತಿ ಕೂತು ಒಂದೊಂದೇ ತುಂಬಿದೆ.
ಖಾಲಿ ಬಿಟ್ಟ ಸಾಲು ಬಂದಲ್ಲೆಲ್ಲ ಸೊನ್ನೆ ಒತ್ತಿದೆ,
ಇಲ್ಲ ಅಂದರೆ ಇಲ್ಲ, ಇನ್ನೇನು.

ಚಿತ್ರ ಬರೆ ಎಂದೆ. ಬರೆಯಿತು.
ಗೆರೆ ಚೆನ್ನಾಗಿಯೇ ನಡೆದು ಬಂದು
ಒಂದೆಡೆ ಬಂಡೆಯ ತುದಿಯಿಂದ ಬಿದ್ದ ಹಾಗೆ ನೆಲಕ್ಕೆ.
ಮೂರು ಅಮಾವಾಸ್ಯೆ ನೆಲದಲ್ಲೇ.

ಮಂಗಳವಾರ ಮೀನುಗಾರಿಕೆ ಇಲಾಖೆಯವನು ಬರುತ್ತಾನೆ.
ಇದನ್ನು ನೋಡಿ ನಿಮ್ಮ ಕೊಲ್ಲಿ ಆಗಲೇ ಸತ್ತಿತ್ತಲ್ಲ ಎನ್ನುತ್ತಾನೆ.
ಕಹು ಟೋಸ್ಟು ಕೆಳಗಿಟ್ಟಳು:
ಅತ್ತೆ, ಆ ತಿಂಗಳು ಚಿಪ್ಪು ಇರಲಿಲ್ಲವೋ,
ಎಣಿಸಲು ಯಾರೂ ಹೋಗಲಿಲ್ಲವೋ?

ನಾನು ಕಿಟಕಿಯ ಕಡೆ ನೋಡಿದೆ.
ಆ ವರ್ಷ ರೊಪಾತಾನ ದೋಣಿ ಮಾತ್ರ ತಿರುಗಿ ಬಂತು.
ಹಿರಿಯರು ಕೊಲ್ಲಿಗೆ ರಾಹುಯಿ ಹಾಕಿದರು:
ಯಾರೂ ನೀರಿಗಿಳಿಯಬಾರದು, ಒಂದು ಚಿಪ್ಪೂ ಎತ್ತಬಾರದು.
ಅತ್ತೆ ತಾರೀಖು ಬರೆದು ಪಕ್ಕದಲ್ಲಿ ಏನೂ ಬರೆಯಲಿಲ್ಲ.
ಆ ಏನೂ ಇಲ್ಲದ್ದನ್ನು ನಾನು ಸೊನ್ನೆ ಮಾಡಿದ್ದೆ.

ಅದಕ್ಕೂ ಒಂದು ಗುರುತಿದೆ, ಎನ್‌ಎ ಅಂತ, ಎಂದಳು ಕಹು.
ಇಲ್ಲ ಎಂದಲ್ಲ. ಗೊತ್ತಿಲ್ಲ ಎಂದು.
ಮೂರು ಸೊನ್ನೆ ಅಳಿಸಿ ಮೂರು ಸಲ ಅದನ್ನೇ ಹೊಡೆದೆ.
ಈಗ ಸರಾಸರಿ ಹೇಳು ಎಂದರೆ
ಅದೂ ಗೊತ್ತಿಲ್ಲ ಎಂದಿತು!
ಇನ್ನೂರ ತೊಂಬತ್ತು ಅಂಕಿ ಕೈಯಲ್ಲಿದ್ದರೂ
ಆ ಮೂರಕ್ಕಾಗಿ ಬಾಯಿ ಕಟ್ಟಿ ಕೂತಿತು.
ಬಿಟ್ಟು ಲೆಕ್ಕ ಹಾಕು ಎಂದು ನಾವೇ ಬಾಯಿಬಿಟ್ಟು ಹೇಳಬೇಕಂತೆ.
ತಾನಾಗಿ ಯಾರನ್ನೂ ಬಿಡುವುದಿಲ್ಲ.
ಆಗ ಮೊದಲ ಸಲ ಈ ಯಂತ್ರಕ್ಕೆ ಚಹಾ ಕೊಡಬೇಕು ಅನಿಸಿತು.

ಮತ್ತೆ ಬರೆಸಿದೆ. ಗೆರೆ ಈಗ ಬೀಳುವುದಿಲ್ಲ, ನಿಲ್ಲುತ್ತದೆ.
ನಡುವೆ ಬೆರಳಗಲ ಬಿಳಿ.
ಆಚೆ ದಡದ ಮೊದಲ ಚುಕ್ಕೆ ಇನ್ನೂರ ಆರು,
ಈಚೆಯ ಎಲ್ಲ ಚುಕ್ಕೆಗಳಿಗಿಂತ ಎತ್ತರ.
ಕಹು ಏನೂ ಅನ್ನಲಿಲ್ಲ. ನಾನೂ.

ಮುಚ್ಚುವಾಗ ಉಳಿಸಲೇ ಎಂದು ಕೇಳಿತು.
ಬೇಡ ಅನ್ನಿ ಅತ್ತೆ, ಬರೆದ ಸಾಲುಗಳಿದ್ದರೆ ಸಾಕು,
ಎಲ್ಲ ಮತ್ತೆ ಹುಟ್ಟುತ್ತದೆ.
ಉಗುರಲ್ಲಿ ಕೆಸರಿದ್ದ ಬೆರಳಿಂದ ಬೇಡ ಒತ್ತಿದೆ.
ಇಳಿತ ಆರೂ ಹತ್ತಕ್ಕೆ. ಚೌಕಟ್ಟು ಬಾಗಿಲ ಹಿಂದೆ ಇದೆ.