ಅಳತೆ ಪುಸ್ತಕ

ಪುಸ್ತಕ ಒಂದೇ.
ಮುಂದಿನಿಂದ ಗಿರಾಕಿಗಳು:
ಉದ್ದ, ಎದಿ, ಸೊಂಟ, ತೋಳು.
ಹಿಂದಿನಿಂದ ನಾನು:
ಬೆರಳು, ಮೊಣಕಾಲು, ಬಾಯಿಹುಣ್ಣು, ಉಚ್ಚಿಯೊಳಗಿನ ನೊರಿ.
ನಡುವ ಎಲ್ಲೋ ಒಂದಿನ ಎದುರುಬದರು ಆಗತೀವಿ.
ಅವತ್ತ ಹೊಸ ಪುಸ್ತಕ ತರಬೇಕು.

ಬಾಂಬೋಲಿ ದವಾಖಾನಿಯೊಳಗ
ಮೂರು ತಿಂಗಳಿಗೊಮ್ಮೆ, ಏಳು ನಿಮಿಷ.
ಹೆಂಗದೀ ಅಂತ ಕೊಂಕಣಿಯೊಳಗ ಕೇಳತಾರ.
ಬರೀ ಆಸಾ, ಅಂತೀನಿ.
ಅವರ ಮಾತಿನಾಗ ಬರೀ ಅಂದ್ರ ಚಲೋ.
ನಮ್ಮ ಮಾತಿನಾಗ, ನಿಮಗ ಗೊತ್ತು, ಏನೂ ಇಲ್ಲದ್ದು.
ತೊಂಬತ್ತು ದಿನ ಆ ಒಂದು ಮಾತಿನಾಗ ಮುಳುಗಿ ಹೋಗತಿದ್ದವು,
ಅದಕ್ಕ ಬರಕೊಂಡು ಬಾ ಅಂದ್ರು.

ಬಿಸಿಲು ನನಗ ಆಗಂಗಿಲ್ಲ.
ವಾಸ್ಕೋದಾಗ ಇದ್ದು ಈ ಮಾತು ಹೇಳಿದ್ರ ಮೀನಿನಾಕಿನೂ ನಗತಾಳ.
ದವಾಖಾನಿಗೆ ಹೋಗುವಾಗ ಬಸ್ಸಿನಾಗ ಎಡಕ್ಕ ಕೂಡಬೇಕು,
ತಿರುಗಿ ಬರುವಾಗಲೂ ಎಡಕ್ಕ.
ಈ ಲೆಕ್ಕ ತಿಳಿಯಾಕ ನನಗ ಎರಡು ವರ್ಷ ಹಿಡೀತು.

ಗಲ್ಲದ ಕೆಂಪಿಗೆ ಪಾತರಗಿತ್ತಿ ಅಂತಾರ ಡಾಕ್ಟರು.
ನನಗ ಹಂಗ ಕಾಣಂಗಿಲ್ಲ.
ಬಟ್ಟಿ ಮಡಚಿ ಕತ್ತರಿಸಿದಂಗ ಐತಿ,
ಎರಡೂ ಕಡೆ ಒಂದೇ ಆಕಾರ, ಮಡಿಕಿ ಮೂಗಿನ ಮ್ಯಾಲೆ.
ಯಾರೋ ಕೈ ಪಳಗಿದವರ ಕೆಲಸ.

ಮುಂಜಾನೆ ಬಿಗಿತ ಎಷ್ಟು ಹೊತ್ತು?
ಕತ್ತರಿಯ ಕಿವಿಯೊಳಗ ಹೆಬ್ಬೆರಳು ಇಳಿಯೂತನಕ.
ಹಾಲಿನವ ಬಂದು ಹೋದ.
ಪೋದೇರ್ ಪೋಂ ಪೋಂ ಅಂತ ಪಾವು ಕೊಟ್ಟು ಹೋದ.
ಸಾಲಿ ಬಸ್ಸು ಹೋತು.
ಆಮ್ಯಾಲೆ ಬೆರಳು.
ಬರದೆ: ಇವತ್ತ ಸಾಲಿ ಬಸ್ಸಿನ ತನಕ.

ಗುಳಗಿ ಹೆಚ್ಚು ಮಾಡಿದಾಗ ಮುಖ ಉಬ್ಬತೈತಿ, ರಟ್ಟಿ ತುಂಬತಾವ.
ನನ್ನ ಜಂಪರಿನ ಒಳಗ ಎರಡಿಂಚು ಅಂಚು ಬಿಟ್ಟೀನಿ.
ಬಿಚ್ಚೋದು, ಹಿಡಿಯೋದು, ಮತ್ತ ಬಿಚ್ಚೋದು.
ಆ ಬಟ್ಟಿಗೆ ನನ್ನ ಖಾಯಿಲೆ ಪೂರಾ ಬಾಯಿಪಾಠ.

ಜೂನದಾಗ ಒಂದು ತಪ್ಪು ಆತು.
ಕರ್ಮೆಲೀನಾ ಬಾಯಿ ಮಗಳ ಫ್ರಾಕು, ತೋಳು ಆರಿಂಚು.
ನಾ ಪುಸ್ತಕ ತಲಿಕೆಳಗ ಹಿಡದು
ನನ್ನ ತೋಳಿನ ನೋವು ಒಂಬತ್ತು ಓದಿ
ಒಂಬತ್ತೇ ಕತ್ತರಿಸಿದೆ.
ತಾಯಿ ಬೈದಳು. ಹುಡುಗಿ ಮಾತ್ರ
ಮೊಣಕೈ ದಾಟಿದ ತೋಳಿನಾಗ ಕೈ ಒಳಗೆಳಕೊಂಡು
ಅಂಗಡಿ ತುಂಬ ಕುಣದಳು.
ನನಗೂ ಒಂದು ಹಂಗ ಹೊಲಕೋಬೇಕು,
ಬೆರಳು ಸುಣ್ಣದಂಗ ಬೆಳ್ಳಗಾಗೂ ದಿನಕ್ಕ.

ಈ ಸಲ ಡಾಕ್ಟರು ಹೊಸಬರು, ಸಣ್ಣ ವಯಸ್ಸು.
ಹಾಳಿ ತಿರುವಿ ತಿರುವಿ ನಿಂತರು:
ಆಗಸ್ಟಿನಾಗ ಹನ್ನೊಂದು ದಿನ ಖಾಲಿ. ಆರಾಮ ಇದ್ದೇನು?

ಖಾಲಿಯೊಳಗ ಎರಡು ಜಾತಿ, ಮೇಡಂ.
ಏನೂ ನೋಯದ ದಿನ ಪುಸ್ತಕದ ನೆನಪೇ ಬರಂಗಿಲ್ಲ.
ಪೆನ್ಸಿಲ್ ಹಿಡಿಯಾಕಾಗದ ದಿನ ನೆನಪು ಇದ್ದೂ ಏನು ಮಾಡಲಿ.
ಹಾಳಿಗೆ ಎರಡೂ ಒಂದೇ ಬಿಳುಪು.
ಕೈ ಆಗಲಿಲ್ಲ, ಕಾಲು ಇತ್ತು.
ದಾರ ಇಲ್ಲದ ಸೂಜಿ ಕೆಳಗ ಹಾಳಿ ಸರಿಸಿ
ಆದಷ್ಟು ತುಳದೀನಿ. ನೋಡ್ರಿ, ಕಾಣಂಗಿಲ್ಲ,
ಬೆರಳಾಡಿಸಿ ನೋಡ್ರಿ.

ಅವರು ಬೆರಳಾಡಿಸಿದರು.
ಆಮ್ಯಾಲೆ ಎದ್ದು ಹೋಗಿ ಕಿಡಕಿಗೆ ಹಿಡದರು.
ಮಳಿ ಬಿಟ್ಟಿತ್ತು. ನಾ ಮೂರು ವರ್ಷದಿಂದ ತಪ್ಪಿಸಿಕೊಂಡ ಬಿಸಿಲು
ಸೂಜಿಗಣ್ಣಿನಷ್ಟು ಸಣ್ಣ ಆಗಿ
ಅವರ ಕೋಟಿನ ಮ್ಯಾಲೆ ಸಾಲು ಸಾಲು ಬಿತ್ತು.
ಬಾಯಿಬಿಟ್ಟು ಎಣಿಸಾಕ ಹತ್ತಿದರು.
ಏಳು ದಿನ ಅದಾವ ಇಲ್ಲೆ, ಅಂದರು. ಉಳಿದ ನಾಕು?

ನಾಕು ದಿನ ಏನಾಗಿತ್ತು, ಖರೇನ ಮರತೀನಿ.
ಚಲೋ ಇದ್ದೆ ಅಂತ ಕಾಣತೈತಿ.

ಹೊರಗ ನಂಬರಿನವರು ಬಾಗಿಲ ಬಡದರು.
ರಕ್ತದ ಚೀಟಿ, ಕಣ್ಣಿನ ಚೀಟಿ, ಗುಳಗಿ ಅರ್ಧ,
ಮುಂದಿನ ತಾರೀಖು ಡಿಸೆಂಬರ್ ಎರಡು.

ಬಸ್ಸಿನಾಗ ಎಡಕ್ಕ ಕುಂತೆ.
ಜುವಾರಿ ದಾಟೂತನಕ ಪುಸ್ತಕ ತೊಡಿ ಮ್ಯಾಲೆ ಇತ್ತು,
ಮುಂದಿನ ಕಡೆ ತೆರೆದದ್ದು.
ಕರ್ಮೆಲೀನಾ ಬಾಯಿಗೆ ಮೂರಿಂಚು ಬಟ್ಟಿ ಕೊಡೋದೈತಿ.