ಗಂಟೆ

ಅಮ್ಮ ತಂದದ್ದು ಒಂದೇ, ಸತ್ತ ಹಸುವಿನ ಕೊರಳ ಗಂಟೆ.
ಫಿಯೊರಿನ ಅದರ ಹೆಸರು. ಬಿಳಿ ಮುಖ, ಬಲು ಹಟಮಾರಿ.
ಹನ್ನೊಂದು ಬೇಸಿಗೆ ಆವೊಸ್ತ ಕಣಿವೆಯ ಹುಲ್ಲು ಮೇಯ್ದು
ನನ್ನನ್ನೂ ಅಕ್ಕನನ್ನೂ ಬೆಳೆಸಿದ್ದು.

ಉಳಿದದ್ದೆಲ್ಲ ನನ್ನ ವ್ಯಾನಿನಲ್ಲಿ:
ಮೂರು ಜೊತೆ ಬೂಟು, ಉಪ್ಪಲ್ಲಿ ಬೇಯಿಸಿದ ಆಲೂಗಡ್ಡೆ,
ಗುಳ್ಳೆ ಚುಚ್ಚುವ ಸೂಜಿ, ಸೂಪಿನ ಫ್ಲಾಸ್ಕು,
ಫ್ರಿಜ್ಜಿನ ಬಾಗಿಲಿಂದ ಕಿತ್ತುಕೊಂಡು ಬಂದ ಅಕ್ಕನ ಚೀಟಿ:
'ಸಾಕು ಅಂತ ನಾನಂದರೆ, ಸೂಪು ಕುಡಿಯುವ ತನಕ ನಂಬಬೇಡಿ.
ಅತ್ತರೆ ಅಳಲಿಕ್ಕೆ ಬಿಡಿ.
ಅಮ್ಮನಿಗೆ ನನ್ನ ಕಾಲು ತೋರಿಸಬೇಡಿ.'

ನೂರ ಮೂವತ್ತು ಕಿಲೋಮೀಟರು, ಏಳು ಬೆಟ್ಟದ ನೆತ್ತಿ.
ಅಕ್ಕ ಒರ್ನೆಲ್ಲಾ, ನಲವತ್ತಾರು, ಶಾಲೆಯ ಅಡುಗೆಯವಳು,
ಇನ್ನೂರು ಮಕ್ಕಳಿಗೆ ಬಡಿಸಿ ತಾನು ನಿಂತೇ ಉಣ್ಣುವವಳು.
ಯಾಕಾದರೂ ಓಡುತ್ತೀಯೆ ಎಂದು ಒಮ್ಮೆ ಕೇಳಿದ್ದೆ.
'ಅಲ್ಲಿ ನನ್ನನ್ನು ಬಿಟ್ಟು
ಬೇರೆ ಯಾರಿಗೂ ಹಸಿವಾಗುವುದಿಲ್ಲ' ಎಂದಿದ್ದಳು.

ರಾತ್ರಿ ಎರಡೂಮುಕ್ಕಾಲು. ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ.
ತಂಗುದಾಣ ಅಂದರೆ ಹಳೆಯ ದನದ ಕೊಟ್ಟಿಗೆ;
ಗೋಡೆಯಲ್ಲಿ ಇನ್ನೂ ಗಂಜಲದ ನೆನಪು.
ಬೆಟ್ಟದ ಮೈಮೇಲೆ ಹಣೆದೀಪಗಳು ಇಳಿಯುತ್ತಿವೆ
ದಾರ ಕಡಿದ ಮಣಿಗಳ ಹಾಗೆ, ಒಂದೊಂದೇ.
ಪ್ರತಿ ಬೆಳಕೂ ಅವಳೇ, ಹತ್ತಿರ ಬರುವ ತನಕ.
ಬಂದ ಮೇಲೆ ಯಾರದೋ ಗಡ್ಡ, ಯಾರದೋ ವಾಂತಿ,
ಯಾರಿಗೋ ಯಾರೋ ಹೊದಿಸಿದ ಕಂಬಳಿ.

ಭಾವನ ಫೋನಿನಲ್ಲಿ ಅಕ್ಕ ಒಂದು ನೀಲಿ ಚುಕ್ಕೆ.
ಚುಕ್ಕೆ ನಲವತ್ತು ನಿಮಿಷದಿಂದ ಅಲ್ಲಾಡಿಲ್ಲ.
ಸಿಗ್ನಲ್ಲು ಇಲ್ಲ, ಅನ್ನುತ್ತಾನೆ.
ಐದನೆಯ ಸಲ ಅನ್ನುತ್ತಾನೆ.

ಪುಟ್ಟ ಎಲಿಯೊ ನಿದ್ದೆಗಣ್ಣಲ್ಲಿ ಎದ್ದು
'ಗಂಟೆ ಎಷ್ಟಜ್ಜಿ?' ಎಂದ.
'ಒಂದೇ' ಎಂದಳು ಅಮ್ಮ, ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿ.
ಆಮೇಲೆ ಹೊರಗೆ ಹೋಗಿ, ಮೋಟುಗೋಡೆಯ ಪಕ್ಕ ನಿಂತು
ಬಾರಿಸತೊಡಗಿದಳು.
ಉಳಿದವರ ಹಾಗೆ ಗಲಗಲ ಅಲ್ಲ.
ಎರಡು ಸಲ, ತಡೆದು, ಒಂದು ಸಲ.
ಎರಡು ಸಲ, ತಡೆದು, ಒಂದು ಸಲ.
ಫಿಯೊರಿನಳ ಎಡ ಮುಂಗಾಲು ಕುಂಟುತ್ತಿತ್ತು.

ಮೂರೂವರೆ ದಾಟಿದ ಮೇಲೆ ಬಂದಳು, ದೀಪ ಸತ್ತು,
ಬೇರೆ ಯಾರದೋ ಬೆಳಕಿನ ಬೆನ್ನು ಹಿಡಿದು.
ಬೆಂಚಿನ ಮೇಲೆ ಕುಸಿದು 'ಸಾಕು' ಎಂದಳು.
ಸೂಪು ಕೊಟ್ಟೆವು.
ಕುಡಿದು, ಬಾಯಿ ಒರೆಸಿ, 'ಸಾಕು' ಎಂದಳು ಮತ್ತೆ.
ಚೀಟಿಯಲ್ಲಿ ಇದರಾಚೆಗೆ ಏನೂ ಬರೆದಿರಲಿಲ್ಲ.

ಬೂಟು ಬಿಚ್ಚಿದೆ. ಅಮ್ಮನಿಗೆ ಅಡ್ಡ ನಿಂತೆ. ನೋಡಿಬಿಟ್ಟಳು.
ಏನೂ ಅನ್ನಲಿಲ್ಲ. ಕೋಟಿನ ಗುಂಡಿ ಬಿಚ್ಚಿ
ಒಳಗೆ, ಹೊಟ್ಟೆಗೆ ಒತ್ತಿಟ್ಟುಕೊಂಡಿದ್ದ
ಉಣ್ಣೆಯ ಕಾಲುಚೀಲ ತೆಗೆದಳು,
ಸಂಜೆಯಿಂದ ಕಾವು ಕೊಟ್ಟದ್ದು.
ಮಂಡಿಯೂರಿ ತೊಡಿಸಿದಳು, ಹಿಮ್ಮಡಿ ಸರಿಮಾಡಿ,
ನೆರಿಗೆ ಇಲ್ಲದಂತೆ.

'ಗಂಟೆ ಕೇಳಿಸಿತಾ ಅಮ್ಮಾ?' ಎಲಿಯೊ ಕೇಳಿದ.
'ಇಲ್ಲ ಕಣೋ. ಗಾಳಿ ಆ ಕಡೆಯದು.
ಸೂಪಿನ ವಾಸನೆ ಹಿಡಿದು ಬಂದೆ.'
ಅಮ್ಮ ನಕ್ಕಳು, ಕೆಮ್ಮು ಬರುವಷ್ಟು.

'ಎಷ್ಟಾಯಿತು?' ಅಂದಳು ಅಕ್ಕ.
'ನಾಲ್ಕಕ್ಕೆ ಆರು ನಿಮಿಷ.'
ಒಲೆ ಮೇಲೆ ಹಾಲು ಉಕ್ಕಿದಾಗ ಏಳುತ್ತಾರಲ್ಲ,
ಹಾಗೆ ಎದ್ದಳು.
ಒಂದು ಆಲೂಗಡ್ಡೆ ಜೇಬಿಗೆ ಹಾಕಿಕೊಂಡಳು. ಹೋದಳು.

ಮುಗಿಸಿದಳು, ಕೊನೆಯಿಂದ ಒಂಬತ್ತನೆಯವಳಾಗಿ.

ಮನೆಗೆ ಹದಿನಾಲ್ಕು ಮೆಟ್ಟಿಲು.
ನಾಲ್ಕನೆಯದಕ್ಕೆ ಕೂತಳು. ಕೂತಲ್ಲೇ ನಿದ್ದೆ.
ಎತ್ತೋಣವೇ ಎಂದ ಭಾವ. ಬೇಡ ಎಂದಿತು ಅಮ್ಮನ ಕೈ.
ಮೇಲೆ ಒಲೆ ಆರಿತ್ತು, ತಣ್ಣಗಾಗುತ್ತಿತ್ತು ಪೊಲೆಂತ.
ನಾವೂ ಕೂತೆವು, ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿ.
ಎಲ್ಲರಿಗಿಂತ ಕೆಳಗೆ ಅಮ್ಮ,
ಗಂಟೆಯ ನಾಲಗೆಯನ್ನು
ಎರಡು ಬೆರಳಲ್ಲಿ ಹಿಡಿದುಕೊಂಡು.